ಅಂಟುಜಾಡ್ಯಗಳು ಸಂಚರಿಸುವ ದಾರಿಗಳು: ಮನುಷ್ಯರಲ್ಲಿಯೂ ಪೈರುಗಳಲ್ಲಿಯೂ

ಮಲೆನಾಡಿನ ಅಡಕೆಯ ತೋಟಗಳಲ್ಲಿ ಪುನರ್ವಸು ಮಳೆಯ ಹೊತ್ತಿಗೆ ಎಳೆಗಾಯಿಗಳು ಹೊಳಪುಗೆಟ್ಟು ಉದುರಲಾರಂಭಿಸಿದರೆ, ಈ ವರ್ಷ ಮಳೆ ಹೆಚ್ಚಾದುದರಿಂದ ಕೊಳೆ ಬಂದಿತೆಂದು ಹೇಳುವುದು ವಾಡಿಕೆ. ಊರಿನಲ್ಲಿ ನಾಲ್ಕಾರು ಮನೆಗಳಲ್ಲಿ ಒಂದೇ ವಿಧವಾದ ಜ್ವರ ಕಾಣಿಸಿಕೊಂಡರೆ ಗಾಳಿ ಕೆಟ್ಟಿತೆಂದೋ, ಕಾಲದೋಷವೆಂದೋ, ಗ್ರಾಮದೇವತೆಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದೋ ಹೇಳುವುದೂ ಹಾಗೆಯೇ. ಈ ಮಾತುಗಳನ್ನು ಪೂರಾ ತಳ್ಳಿಹಾಕುವುದು ಸರಿಯಲ್ಲ. ಮಳೆಯಿಲ್ಲದ ವರ್ಷ ಕೊಳೆರೋಗವು ಬರುವುದಿಲ್ಲವೆಂಬುದು ತೋಟಗಾರರೆಲ್ಲರೂ ಕಣ್ಣಾರೆ ಕಂಡ ವಿಷಯ. ಆದರೆ ಮಳೆಯೇ ರೋಗವಲ್ಲ. ಮಳೆಯು ರೋಗದ ಬೀಜವನ್ನು ಹೊತ್ತು ತರತಕ್ಕ ಗಾಡಿ. ಗಾಡಿಯನ್ನೇ ಸರಕೆಂದು ತಿಳಿದವನು ಆಕಾಶವನ್ನು ನೋಡುತ್ತ ಕುಳಿತುಕೊಳ್ಳುವನೇ ಹೊರತು, ಸರಕು ಎಲ್ಲಿಂದ ಏರಿತು, ಯಾವ ದಾರಿಯಾಗಿ ಬಂದಿತು, ಎಲ್ಲಿ ಇಳಿಯಿತು ಎಂದು ವಿಚಾರಿಸುವುದಿಲ್ಲ. ವಿಚಾರಿಸದಿರುವವರೆಗೂ ಅದನ್ನು ತಡೆಯುವುದು ಸಾಧ್ಯವಿಲ್ಲ.

ಅಂಟುಜಾಡ್ಯವೆಂಬುದು ಸಾಮಾನ್ಯವಾಗಿ ಒಂದು ಸಜೀವ ಪದಾರ್ಥದಿಂದಲೋ, ಜೀವಿಗಳ ಒಡಲಿನಲ್ಲಿ ಮಾತ್ರ ಹೆಚ್ಚತಕ್ಕ ವೈರಸ್ಸೆಂಬ ಅತಿಸೂಕ್ಷ್ಮ ವಸ್ತುವಿನಿಂದಲೋ ಹುಟ್ಟುತ್ತದೆ. ಪೈರುಗಳ ರೋಗಗಳಲ್ಲಿ ಬಹುಪಾಲು ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರಗಳಿಂದ ಬರತಕ್ಕವು. ಮನುಷ್ಯರ ದೊಡ್ಡ ಜಾಡ್ಯಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಮತ್ತು ವೈರಸ್ಸುಗಳಿಂದ ಬರತಕ್ಕವು. ಸಾಮಾನ್ಯವಾಗಿ ಒಂದರದು ಇನ್ನೊಂದಕ್ಕೆ ತಗಲುವುದಿಲ್ಲ. ಕೊಳೆತ ಅಡಕೆಯನ್ನು ಮುಟ್ಟಿದ ಆಳಿಗೆ ಕೊಳೆರೋಗವು ಅಂಟುವುದಿಲ್ಲ, ಕಾಲರಾ ಬಂದ ಊರಿನಲ್ಲಿ ರಾಗಿಯ ಪೈರಿಗೆ ಏನೂ ಆಗುವುದಿಲ್ಲ. ಹೀಗಿದ್ದರೂ ಎರಡು ವರ್ಗದ ರೋಗಗಳೂ ಸಂಚರಿಸುವ ರೀತಿ ಮಾತ್ರ ಒಂದೇ. ನೀರು, ಗಾಳಿ, ಕೀಟ, ಬೀಜ, ಸ್ಪರ್ಶ, ಇವುಗಳಲ್ಲಿ ಒಂದೋ ಎರಡೋ ದಾರಿಯನ್ನು ಪ್ರತಿಯೊಂದು ರೋಗವೂ ತನ್ನದಾಗಿ ಇಟ್ಟುಕೊಂಡಿರುತ್ತದೆ. ಒಂದು ರೋಗದ ದಾರಿಯನ್ನು ಮುಚ್ಚುವುದರಿಂದ ಇನ್ನೊಂದು ರೋಗವು ನಿಲ್ಲುವುದಿಲ್ಲವಾದ ಕಾರಣ, ದಾರಿಯನ್ನು ತಿಳಿಯದೆ ಮಾಡಿದ ವೆಚ್ಚವೂ ಶ್ರಮವೂ ಎಷ್ಟೋ ಸಲ ವ್ಯರ್ಥವಾಗಿವೆ.

ಇದಕ್ಕೆ ಐರ್ಲೆಂಡ್ ದೇಶದ ಆಲೂಗೆಡ್ಡೆಯ ಕ್ಷಾಮಕ್ಕಿಂತ ದೊಡ್ಡ ದೃಷ್ಟಾಂತವು ದೊರೆಯಲಾರದು. ಅಲ್ಲಿನ ಬಡ ಒಕ್ಕಲುಗಳು ಲಂಪರ್ ಎಂಬ ಒಂದೇ ತಳಿಯ ಆಲೂಗೆಡ್ಡೆಯನ್ನು ನಂಬಿ ಜೀವಿಸುತ್ತಿದ್ದರು. 1845ರಲ್ಲಿ ಅಮೆರಿಕಾ ಖಂಡದ ಕಡೆಯಿಂದ ಬಂದ ಒಂದು ಹೊಸ ರೋಗವು ಎಲೆಗಳನ್ನು ಕಪ್ಪಾಗಿಸಿ, ನೆಲದೊಳಗಿನ ಗೆಡ್ಡೆಗಳನ್ನು ಕೊಳೆಯಿಸಿತು. ಆ ವರ್ಷ ತಂಪೂ ಮಳೆಯೂ ಹೆಚ್ಚಾಗಿದ್ದುದರಿಂದ ವಿದ್ವಾಂಸರಲ್ಲಿ ಬಹುಮಂದಿ ಹವೆಯೇ ಕಾರಣವೆಂದೂ, ಎಲೆಯ ಕೆಳಗೆ ಕಾಣುತ್ತಿದ್ದ ಬಿಳಿಯ ಬೂಷ್ಟು ಕೊಳೆತ ಮೇಲೆ ಬಂದುದೆಂದೂ ತೀರ್ಮಾನಿಸಿದರು. ಬರ್ಕ್ಲಿ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬನು 1846ರಲ್ಲಿ ಬೂಷ್ಟೇ ಕಾರಣವೆಂದು ಬರೆದರೂ ನಂಬಿದವರು ಕೆಲವರೇ. ಜರ್ಮನಿಯ ಡಿ ಬಾರಿ ಎಂಬ ಶಾಸ್ತ್ರಜ್ಞನು 1861ರಲ್ಲಿ ಅದನ್ನು ಪ್ರಯೋಗಗಳಿಂದ ಸ್ಥಾಪಿಸಿ, 1876ರಲ್ಲಿ ಆ ಶಿಲೀಂಧ್ರದ ಕುಲಕ್ಕೆ ಫೈಟಾಫ್ತೊರ, ಎಂದರೆ ಗಿಡಗಳನ್ನು ನಾಶಮಾಡತಕ್ಕದ್ದು, ಎಂದು ಹೆಸರಿಟ್ಟನು. ಅಷ್ಟು ಹೊತ್ತಿಗೆ ಕ್ಷಾಮವು ಮುಗಿದುಹೋಗಿ, ಸುಮಾರು ಹತ್ತು ಲಕ್ಷ ಜನರು ಸತ್ತು, ಅದಕ್ಕೆ ಕಡಮೆಯಿಲ್ಲದಷ್ಟು ಜನರು ದೇಶವನ್ನು ಬಿಟ್ಟುಹೋಗಿದ್ದರು.

ಇಲ್ಲಿ ಗಮನಿಸಬೇಕಾದ ಒಂದಂಶವುಂಟು. ಸತ್ತವರಲ್ಲಿ ಬಹುಪಾಲು ಜನರು ಬರಿಯ ಹಸಿವಿನಿಂದ ಸತ್ತವರಲ್ಲ. ಹಸಿದು ಬಡಕಲಾದ ಜನರು ಗಂಜಿಯ ಕೇಂದ್ರಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಒತ್ತಾಗಿ ಸೇರಿದಾಗ ಟೈಫಸ್ ಮೊದಲಾದ ಜ್ವರಗಳೂ ಆಮಶಂಕೆಯೂ ಹಬ್ಬಿ ಅವರನ್ನು ಕೊಂದುವು. ಟೈಫಸ್ ಜ್ವರವನ್ನು ಬಟ್ಟೆಯ ಹೇನು ಹರಡುವುದೆಂಬುದು 1909ರಲ್ಲಿ ನಿಕೋಲ್ ಎಂಬ ಫ್ರೆಂಚ್ ವೈದ್ಯನಿಂದ ತಿಳಿದುಬಂದಿತು. ಗೆಡ್ಡೆಯ ರೋಗವು ಮಳೆಯ ದಾರಿಯಲ್ಲಿ ಬಂದಿತು, ಮನುಷ್ಯರ ರೋಗವು ಹೇನಿನ ದಾರಿಯಲ್ಲಿ ಬಂದಿತು. ಆ ಕಾಲದಲ್ಲಿ ಎರಡು ದಾರಿಗಳೂ ಯಾರಿಗೂ ತಿಳಿದಿರಲಿಲ್ಲ. ಈ ಫೈಟಾಫ್ತೊರ ಕುಲವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮಲೆನಾಡಿನ ಕೊಳೆರೋಗದ ಶಿಲೀಂಧ್ರವೂ ಇದೇ ಕುಲಕ್ಕೆ ಸೇರಿದುದು. ಅದರ ಪ್ರಸ್ತಾಪವು ಮುಂದೆ ಬರುವುದು.

ದಾರಿ ತಿಳಿಯದಿದ್ದಾಗ ಆಗತಕ್ಕ ಕಷ್ಟಕ್ಕೆ ನಮ್ಮ ನಾಡಿನಲ್ಲಿಯೇ ಪ್ಲೇಗು ಸಾಕ್ಷಿಯಾಗಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಜಾಡ್ಯವು 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಿತು. ಅದರ ಬ್ಯಾಕ್ಟೀರಿಯವನ್ನು ಯರ್ಸಿನ್ ಎಂಬಾತನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನಾದರೂ, ಅದು ಒಬ್ಬರಿಂದೊಬ್ಬರಿಗೆ ಹೇಗೆ ಬರುವುದೆಂಬುದು ಗೊತ್ತಿರಲಿಲ್ಲ. ಅಧಿಕಾರಿಗಳು ಪ್ರಯಾಣಿಕರನ್ನು ತಡೆದು ಪರೀಕ್ಷಿಸಿದರು, ಬಟ್ಟೆಗಳನ್ನು ಸುಡಿಸಿದರು, ಮನೆಗಳಿಗೆ ಸುಣ್ಣ ಬಳಿಸಿ ಔಷಧದ ನೀರನ್ನು ಚೆಲ್ಲಿಸಿದರು. ಜನರು ಅದರಿಂದ ಬೇಸತ್ತು ರೋಗಿಗಳನ್ನು ಬಚ್ಚಿಟ್ಟರು. ರೋಗವು ಮಾತ್ರ ನಿಲ್ಲಲಿಲ್ಲ. ಹಳ್ಳಿಯ ಜನರಾದರೋ ಪುಸ್ತಕವನ್ನೋದದೆ ಒಂದು ಸಂಗತಿಯನ್ನು ಕಂಡುಕೊಂಡಿದ್ದರು. ಮನೆಯ ಅಟ್ಟದಿಂದ ಇಲಿ ಬಿದ್ದು ಸತ್ತರೆ ಊರನ್ನು ಬಿಡಬೇಕೆಂದು ತಿಳಿದು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. 1898ರಲ್ಲಿಯೇ ಸೀಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಒಯ್ಯುವುದೆಂದು ತೋರಿಸಿದನು. ಇಲಿಯು ಸತ್ತು ಮೈ ತಣ್ಣಗಾದೊಡನೆ ಹಸಿದ ಚಿಗಟಗಳು ಅದನ್ನು ಬಿಟ್ಟು ಹತ್ತಿರವಿರುವ ಬೆಚ್ಚಗಿನ ಮೈಯನ್ನು, ಎಂದರೆ ಮನುಷ್ಯನನ್ನು, ಹತ್ತುತ್ತವೆ. ಆದುದರಿಂದ ಹಳ್ಳಿಯವರು ಊರು ಬಿಟ್ಟದ್ದು ಸರಿಯಾದ ಕೆಲಸವೇ ಆಗಿತ್ತು. ಆದರೆ ಕಾರಣ ತಿಳಿಯದಿದ್ದುದರಿಂದ ಕೆಲವರು ಹೋಗುವಾಗ ಹಾಸಿಗೆಯ ಸುರುಳಿಯನ್ನೂ ಧಾನ್ಯದ ಮೂಟೆಗಳನ್ನೂ ಬಿಸಿಲಿಗೆ ಹಾಕದೆ ಹೊತ್ತುಕೊಂಡು ಹೋಗಿ, ಅವುಗಳೊಡನೆ ಚಿಗಟವನ್ನೂ ಕರೆದುಕೊಂಡು ಹೋಗುತ್ತಿದ್ದರು. ಅರ್ಧ ತಿಳಿವಳಿಕೆಯಿಂದ ಅರ್ಧ ರಕ್ಷಣೆಯೇ ಆಗುವುದು.

ನೀರಿನ ದಾರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1854ರಲ್ಲಿ ಲಂಡನ್ ಪಟ್ಟಣದ ಒಂದು ಬೀದಿಯಲ್ಲಿ ಕಾಲರಾ ಎದ್ದಾಗ, ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತುಮಾಡಿ, ಅವರೆಲ್ಲರೂ ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿ, ಆ ಪಂಪಿನ ಹಿಡಿಯನ್ನು ತೆಗೆಯಿಸಿದನು. ಕಾಲರಾದ ಕ್ರಿಮಿಯು ಯಾವುದೆಂಬುದು ಅವನಿಗೂ ಗೊತ್ತಿರಲಿಲ್ಲ; ದಾರಿ ಗೊತ್ತಿದ್ದುದೇ ಸಾಕಾಯಿತು. ಕಟ್ಟೆಯಿಲ್ಲದ ಬಾವಿಯ ಪಕ್ಕದಲ್ಲಿ ಬಟ್ಟೆಯೊಗೆಯಲು ಬಿಡುವ ಊರು, ಬಾವಿಗೂ ಕಕ್ಕಸಿನ ಗುಂಡಿಗೂ ಅಂತರವಿಡದ ಊರು, ಈ ಸಂಗತಿಯನ್ನು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲವೆಂದೇ ಹೇಳಬೇಕು.

ಕೀಟದ ದಾರಿಯು ಇದಕ್ಕಿಂತ ಸೂಕ್ಷ್ಮವಾದುದು. ಮಲೇರಿಯಾ ಜ್ವರವು ಜೌಗುನೆಲದ ಕೆಟ್ಟ ಗಾಳಿಯಿಂದ ಬರುವುದೆಂದು ಲೋಕವೆಲ್ಲ ನಂಬಿದ್ದಾಗ, 1897ರಲ್ಲಿ ರೊನಾಲ್ಡ್ ರಾಸ್ ಎಂಬಾತನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದರ ಜೀವಿಯನ್ನು ಕಂಡನು. ಜೌಗಿಗೂ ಜ್ವರಕ್ಕೂ ಸಂಬಂಧವಿದ್ದುದು ನಿಜವೇ, ನಡುವಿನ ಸೊಳ್ಳೆ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏಲಕ್ಕಿ ಬೆಳೆಗಾರರಿಗೆ ಚೆನ್ನಾಗಿ ತಿಳಿದಿರುವ ಕಟ್ಟೆರೋಗವು ಸರಿಯಾಗಿ ಇದೇ ಮಾದರಿಯದು. ಎಲೆಗಳಲ್ಲಿ ತಿಳಿಹಸುರು ಗೆರೆಗಳು ಮೂಡಿ, ಹಿಂಡು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಫಲವನ್ನು ನಿಲ್ಲಿಸುವ ಈ ರೋಗವು ವೈರಸ್ಸಿನಿಂದಾದುದು. ಇದನ್ನು ಒಂದು ಹಿಂಡಿನಿಂದ ಇನ್ನೊಂದಕ್ಕೆ ಒಯ್ಯುವುದು ಒಂದು ಸಣ್ಣ ಸಸ್ಯಹೇನು. ಅದು ಕೆಸುವಿನ ಜಾತಿಯ ಗಿಡಗಳ ಮೇಲೂ ವಾಸಮಾಡುತ್ತದೆ. ಮಣ್ಣಿನಿಂದಾಗಲಿ ಬೀಜದಿಂದಾಗಲಿ ಈ ರೋಗವು ಬರುವುದಿಲ್ಲ. ಆದರೆ ರೋಗವಿದ್ದ ಹಿಂಡಿನಿಂದ ಕಿತ್ತು ತಂದ ಕಂದಿನ ಮೂಲಕ ಖಂಡಿತವಾಗಿ ಬರುತ್ತದೆ. ನೆರೆಯವನು ಸ್ನೇಹದಿಂದ ಕೊಟ್ಟ ಕಂದುಗಳೊಡನೆ ಒಂದು ಕಣಿವೆಯ ತೋಟಗಳೆಲ್ಲ ಹಾಳಾಗಬಹುದು. ಹಿಡಿದ ಹಿಂಡಿಗೆ ಔಷಧವಿಲ್ಲ. ಕಿತ್ತು ನಾಶಮಾಡುವುದೊಂದೇ ಉಪಾಯ. ಇನ್ನೂ ನಾಲ್ಕು ಕಾಯಿ ಕೊಡುತ್ತಿದೆಯೆಂದು ರೋಗದ ಹಿಂಡನ್ನು ಉಳಿಸಿಕೊಳ್ಳುವವನು ತನ್ನ ತೋಟದ ನಡುವೆಯೇ ವಿಷದ ಅಂಗಡಿಯನ್ನು ತೆರೆದಿಟ್ಟಂತಾಗುವುದು.

ಬೀಜದ ದಾರಿಗೆ ಬಯಲುಸೀಮೆಯ ಜೋಳದ ಕಾಡಿಗೆರೋಗವು ಒಳ್ಳೆಯ ಉದಾಹರಣೆ. ತೆನೆಯಲ್ಲಿ ಕಾಳಿನ ಬದಲು ಕರಿಯ ಪುಡಿ ತುಂಬಿದ ಚೀಲಗಳು ಕಾಣುವುದನ್ನು ಎಲ್ಲರೂ ಬಲ್ಲರು. ಕಣದಲ್ಲಿ ತೆನೆಗಳನ್ನು ಒಕ್ಕುವಾಗ ಈ ಚೀಲಗಳು ಒಡೆದು, ಪುಡಿಯು ಒಳ್ಳೆಯ ಕಾಳುಗಳಿಗೆ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಅದೇ ಕಾಳನ್ನು ಬಿತ್ತಿದರೆ ಮೊಳಕೆಯೊಡನೆ ರೋಗವೂ ಮೊಳೆಯುತ್ತದೆ. ಎಂದರೆ ರೈತನು ರೋಗವನ್ನು ತಾನೇ ಒಕ್ಕಿ, ತಾನೇ ಕಣಜದಲ್ಲಿ ಕಾಪಾಡಿ, ತಾನೇ ಕೂರಿಗೆಯಿಂದ ಬಿತ್ತಿದಂತೆ. ಬಿತ್ತನೆಗೆ ಮುಂಚೆ ಒಂದು ಕಿಲೋಗ್ರಾಂ ಬೀಜಕ್ಕೆ ನಾಲ್ಕು ಗ್ರಾಂ ಗಂಧಕದ ನಯವಾದ ಪುಡಿಯನ್ನು ಸವರಿದರೆ ಈ ದಾರಿಯು ಮುಚ್ಚಿಹೋಗುತ್ತದೆ. ಬೇಸಾಯದಲ್ಲಿ ಇಷ್ಟು ಅಲ್ಪವೆಚ್ಚದಲ್ಲಿ ಇಷ್ಟು ಪೂರ್ಣವಾದ ಫಲವನ್ನು ಕೊಡುವ ಕೆಲಸಗಳು ಬಹಳವಿಲ್ಲ. ಹೀಗೆ ಸವರಿದ ಬೀಜವು ಮಿಕ್ಕರೆ ಅದನ್ನು ಅಡಿಗೆಗಾಗಲಿ ದನಗಳಿಗಾಗಲಿ ಉಪಯೋಗಿಸಕೂಡದು.

ಗಾಳಿಯ ದಾರಿಯನ್ನು ಮುಚ್ಚುವುದು ಮಾತ್ರ ಕಷ್ಟ. ಆಗ್ರಾ ಕಾಲೇಜಿನ ಪ್ರೊಫೆಸರ್ ಕೆ. ಸಿ. ಮೆಹ್ತಾ ಅವರು ಗೋಧಿಯ ತುಕ್ಕುರೋಗವನ್ನು ಬಹುವರ್ಷಗಳ ಕಾಲ ಪರಿಶೀಲಿಸಿ 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಯಲಿನ ಬೇಸಗೆಯ ಉರಿಯಲ್ಲಿ ತುಕ್ಕಿನ ಬೀಜಕಣಗಳು ಉಳಿಯಲಾರವೆಂದೂ, ನೀಲಗಿರಿ ಪಳನಿ ಬೆಟ್ಟಗಳೇ ಮೊದಲಾದ ತಂಪು ಪ್ರದೇಶಗಳಲ್ಲಿ ಅವು ಉಳಿದುಕೊಂಡು ಪ್ರತಿ ವರ್ಷವೂ ಗಾಳಿಯೊಡನೆ ಬಯಲಿಗೆ ಇಳಿದು ಬರುವುವೆಂದೂ ತೋರಿಸಿದರು. ಗಾಳಿಗೆ ಬೇಲಿ ಹಾಕುವವರುಂಟೆ? ಇಂತಹ ರೋಗಕ್ಕೆ ತಡೆದುಕೊಳ್ಳುವ ತಳಿಯನ್ನು ಬಿತ್ತುವುದೇ ಉಪಾಯ. ಮನುಷ್ಯರಲ್ಲಿಯೂ ಉಸಿರಿನ ದಾರಿಯಲ್ಲಿ ಬರುವ ಜಾಡ್ಯಗಳಿಗೆ ಮೈಯನ್ನು ಬಲಪಡಿಸುವ ಲಸಿಕೆಯೇ ಮುಖ್ಯ ಆಧಾರ. ಸಿಡುಬನ್ನು ಲೋಕದಿಂದಲೇ ಹೊರಗಟ್ಟಲಾಯಿತೆಂದು 1980ರಲ್ಲಿ ಸಾರುವುದಕ್ಕೆ ಲಸಿಕೆಯೇ ಕಾರಣವಾಯಿತು. 2020ರಲ್ಲಿ ಕೋವಿಡ್ ಬಂದಾಗ ಮುಚ್ಚಿದ ಕೋಣೆಗಳಲ್ಲಿ ಒಟ್ಟಿಗೆ ಕುಳಿತವರಿಗೆ ಅದು ಹೇಗೆ ಹಬ್ಬಿತೆಂಬುದನ್ನೂ, ಲಸಿಕೆ ಬರುವವರೆಗೆ ಬಾಯಿಮೂಗುಗಳನ್ನು ಮುಚ್ಚಿಕೊಂಡು ದೂರವಿರುವುದರ ಹೊರತು ಬೇರೆ ದಾರಿ ಕಡಮೆಯಿದ್ದುದನ್ನೂ ಎಲ್ಲರೂ ಕಂಡಿರುವರು.

ಇನ್ನು ಕೊಳೆರೋಗದ ವಿಷಯ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು ಮೊದಲು ಕೈಹಾಕಿದ ಕೆಲಸಗಳಲ್ಲಿ ಇದೂ ಒಂದು. ಅವರು 1910ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ರೋಗದ ಶಿಲೀಂಧ್ರವನ್ನೂ ಅದರ ಸಂಚಾರವನ್ನೂ ವಿವರಿಸಿದರು. ಆ ಕಾಲಕ್ಕೆ ತೋಟಗಾರರು ಮಾಡುತ್ತಿದ್ದ ಉಪಾಯವೆಂದರೆ ಪ್ರತಿಯೊಂದು ಕೊನೆಗೂ ಕರಡದ ಹುಲ್ಲಿನ ಕೊಟ್ಟೆಯನ್ನು ಕಟ್ಟುವುದು. ಇದು ಮೂಢಪದ್ಧತಿಯಲ್ಲ, ನೀರು ತಗಲದಿದ್ದರೆ ಕೊಳೆ ಬರುವುದಿಲ್ಲವೆಂದು ಹಿರಿಯರು ಸರಿಯಾಗಿಯೇ ತಿಳಿದಿದ್ದರು. ಆದರೆ ಮರಕ್ಕೆರಡು ಮೂರು ಕೊನೆಯಂತೆ ಸಾವಿರಾರು ಕೊಟ್ಟೆಗಳನ್ನು ಹೆಣೆದು ಕಟ್ಟುವುದು ಎಲ್ಲರಿಗೂ ಆಗುವ ಕೆಲಸವಾಗಿರಲಿಲ್ಲ.

ರೋಗವು ನಡೆಯುವ ಬಗೆ ಹೀಗಿದೆ. ಹಿಂದಿನ ವರ್ಷ ಕೊಳೆತು ಬಿದ್ದ ಕಾಯಿಗಳಲ್ಲಿಯೂ, ಕೊಯ್ಯದೆ ಮರದಲ್ಲಿಯೇ ಒಣಗಿನಿಂತ ಕೊನೆಗಳಲ್ಲಿಯೂ, ಸುಳಿ ಕೊಳೆತು ಸತ್ತ ಮರಗಳ ತಲೆಯಲ್ಲಿಯೂ ಶಿಲೀಂಧ್ರವು ಬೇಸಗೆಯನ್ನು ಕಳೆಯುತ್ತದೆ. ಮಳೆ ಹಿಡಿದು ಗಾಳಿ ತಂಪಾದೊಡನೆ ಅದು ಕಣ್ಣಿಗೆ ಕಾಣದ ಸಣ್ಣ ಚೀಲಗಳನ್ನು ಬಿಡುತ್ತದೆ. ಮಳೆಯ ಹನಿ ಸಿಡಿದಾಗ ಈ ಚೀಲಗಳು ಸಿಡಿದು, ಬೀಸುಗಾಳಿಯೊಡನೆ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಿ ಬೀಳುತ್ತವೆ. ಕಾಯಿಯ ಮೇಲೆ ನೀರಿನ ತೆಳುವಾದ ಪೊರೆ ಇದ್ದರೆ ಚೀಲವೊಡೆದು ಅದರೊಳಗಿನಿಂದ ಈಜತಕ್ಕ ಬೀಜಕಣಗಳು ಹೊರಟು, ಕಾಯಿಯ ತೊಟ್ಟಿನ ಬಳಿ ಒಳಹೊಕ್ಕು ಬೆಳೆಯುತ್ತವೆ. ಕೆಲವು ದಿನಗಳಲ್ಲಿ ಕಾಯಿಯ ಮೇಲೆ ನೀರಿಳಿದಂತಹ ಗಾಢ ಹಸುರಿನ ಕಲೆಯೂ, ಉದುರಿದ ಮೇಲೆ ಹತ್ತಿಯಂತಹ ಬಿಳಿಯ ಬೂಷ್ಟೂ ಕಾಣುತ್ತವೆ. ಆ ಬೂಷ್ಟಿನಲ್ಲಿ ಪುನಃ ಚೀಲಗಳು. ಬಿಡುವಿಲ್ಲದ ಮಳೆಯ ನಡುವೆ ಒಮ್ಮೊಮ್ಮೆ ಎಳೆಬಿಸಿಲು ಬಂದುಹೋಗುವ ಪುನರ್ವಸು ಪುಷ್ಯಗಳಲ್ಲಿ ಈ ಚಕ್ರವು ಎಷ್ಟೋ ಸಲ ತಿರುಗಿಬಿಡುತ್ತದೆ. ಆದುದರಿಂದ ಜ್ಯೇಷ್ಠದಲ್ಲಿ ಹತ್ತು ಮರಗಳಿಗಿದ್ದ ರೋಗವು ಶ್ರಾವಣದ ಹೊತ್ತಿಗೆ ತೋಟವೆಲ್ಲಕ್ಕೂ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಔಷಧವು ದ್ರಾಕ್ಷಿಯ ತೋಟದಿಂದ ಬಂದುದು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ದಾರಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟುರೋಗವು ಬಾರದಿದ್ದುದನ್ನು ಮಿಲ್ಲಾರ್ಡೆ ಎಂಬ ಪ್ರೊಫೆಸರು ಕಂಡು, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದನು. ಕಳ್ಳರನ್ನು ಹೆದರಿಸಲು ಹುಟ್ಟಿದ ಬಣ್ಣವು ಮಲೆನಾಡಿನ ಅಡಕೆಯನ್ನು ಕಾಪಾಡುವುದೆಂದು ಆ ದ್ರಾಕ್ಷಿಯ ಒಕ್ಕಲುಗಳು ಎಣಿಸಿರಲಾರರು.

ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಮಾಡತಕ್ಕ ಕ್ರಮವು ತೋಟಗಾರರಿಗೆ ತಿಳಿದದ್ದೇ ಆದರೂ, ತಪ್ಪುಗಳು ಇಲ್ಲಿಯೇ ಆಗುತ್ತಿರುವುದರಿಂದ ಹೇಳಬೇಕಾಗಿದೆ. ಒಂದು ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರು ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಅರಳಿಸಿ ಇನ್ನು 50 ಲೀಟರು ನೀರಿನಲ್ಲಿ ಕದಡಿ ಸೋಸಬೇಕು. ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು. ಸುಣ್ಣವು ಬಹುದಿನ ಗಾಳಿಗೆ ತೆರೆದಿದ್ದು ಸತ್ತ ಸುಣ್ಣವಾಗಿದ್ದರೆ ತೂಕ ಸರಿಯಿದ್ದರೂ ಬಲ ಸಾಲದೆ, ಬಿಡಿಯಾಗಿ ಉಳಿದ ತಾಮ್ರವು ಎಳೆಗಾಯಿಯನ್ನು ಸುಡುತ್ತದೆ. ಆದುದರಿಂದ ಚೆನ್ನಾಗಿ ಉಜ್ಜಿ ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡತಕ್ಕದ್ದು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ದ್ರಾವಣವನ್ನು ಮಾಡಿದ ದಿನವೇ ಮುಗಿಸಬೇಕು. ನಿನ್ನೆಯದನ್ನು ಇಂದು ಹೊಡೆಯುವುದು ನೀಲಿಯ ನೀರನ್ನು ಹೊಡೆದಂತೆ.

ಕಾಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೋರ್ಡೋ ದ್ರಾವಣವು ಕಾಯಿಯ ಹೊರಗೆ ಕಾವಲು ನಿಲ್ಲುತ್ತದೆ. ಒಳಹೊಕ್ಕ ರೋಗವನ್ನು ಹೊರಡಿಸಲಾರದು. ಆದುದರಿಂದ ಮೊದಲನೆಯ ಸಿಂಪಡಿಕೆಯು ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆ, ಕಾಯಿಗಳು ಒಣಗಿರುವಾಗ ಆಗಬೇಕು. ಮಳೆಗೆ ಲೇಪವು ತೊಳೆದುಹೋಗುವುದರಿಂದಲೂ, ಕಾಯಿ ಬೆಳೆದಂತೆಲ್ಲ ಲೇಪವಿಲ್ಲದ ಹೊಸ ಮೈ ಹೊರಬರುವುದರಿಂದಲೂ, 40-45 ದಿನಗಳ ತರುವಾಯ ಮಳೆಯ ಬಿಡುವನ್ನು ನೋಡಿ ಎರಡನೆಯ ಸಲ ಹೊಡೆಯಬೇಕು. ಮಳೆಯು ಉದ್ದಕ್ಕೆ ಎಳೆದರೆ ಮೂರನೆಯದೂ ಬೇಕಾಗುತ್ತದೆ. ಕಾಯಿ ಉದುರಿದ ಮೇಲೆ ಕೊನೆಗಾರನನ್ನು ಹುಡುಕಿಕೊಂಡು ಓಡುವುದು, ಮನೆಯೊಳಗೆ ಕಳ್ಳನು ಹೊಕ್ಕ ಮೇಲೆ ಬಾಗಿಲಿಗೆ ಅಗುಳಿ ಹಾಕಿದಂತೆಯೇ.

ಇಷ್ಟೆಲ್ಲವನ್ನೂ ಒಬ್ಬ ತೋಟಗಾರನು ಚಾಚೂ ತಪ್ಪದೆ ಮಾಡಿದರೂ ಅವನಿಗೆ ಪೂರ್ಣ ಫಲ ದೊರೆಯುವುದು ನಿಶ್ಚಯವಲ್ಲ. ಮೇಲ್ಕಂಡ ಚೀಲಗಳಿಗೆ ತೋಟದ ಅಗಳು ಗಡಿಯಲ್ಲ. ಮಗ್ಗುಲಿನ ತೋಟದ ಯಜಮಾನರು ಪಟ್ಟಣದಲ್ಲಿದ್ದು ತೋಟವು ಕಾಡುಬಿದ್ದಿದ್ದರೆ, ಅಥವಾ ಇನ್ನೊಂದು ಮಗ್ಗುಲಿನ ಬಡ ಹಿಡುವಳಿದಾರನಿಗೆ ಮೈಲುತುತ್ತನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೆ, ಆ ಎರಡು ಕಡೆಗಳಿಂದಲೂ ಮಳೆಗಾಲವೆಲ್ಲ ರೋಗದ ಬೀಜವು ಬರುತ್ತಲೇ ಇರುವುದು. ಒಂದು ಸಲದ ಲೇಪವು ತೆಳುವಾದ ಕಡೆಯಲ್ಲೆಲ್ಲ ಅದು ನುಗ್ಗುವುದು. ಆದಕಾರಣ ಕೊಳೆರೋಗದ ಲೆಕ್ಕವನ್ನು ತೋಟ ತೋಟಕ್ಕೆ ಬೇರೆಯಾಗಿ ಹಾಕುವುದಕ್ಕಿಂತ ಒಂದೊಂದು ಕಣಿವೆಗೆ ಒಟ್ಟಾಗಿ ಹಾಕುವುದೇ ಯುಕ್ತ. ಇದು ಊರಿನ ಮುಖಂಡರ ಹೊರತು ಇತರರಿಂದ ಆಗತಕ್ಕ ಕೆಲಸವಲ್ಲ. ದೊಡ್ಡ ಹಿಡುವಳಿದಾರರು ನೆರೆಯ ಅರ್ಧ ಎಕರೆಯ ತೋಟಕ್ಕೆ ತಮ್ಮ ಪಂಪನ್ನೂ ದ್ರಾವಣವನ್ನೂ ಒದಗಿಸಿದರೆ ಅದನ್ನು ದಾನವೆಂದು ಹೇಳಲಾಗದು. ತಮ್ಮ ಬೇಲಿಯನ್ನು ಸ್ವಲ್ಪ ಹೊರಗೆ ಹಾಕಿಕೊಂಡಂತೆ. ಕಾಡುಬಿದ್ದ ತೋಟದ ಯಜಮಾನರಿಗೆ ಚೈತ್ರ ವೈಶಾಖಗಳಲ್ಲಿಯೇ ತಿಳಿಸಿ, ಅವರ ವೆಚ್ಚದಲ್ಲಿ ಊರಿನವರೇ ಸಿಂಪಡಿಸುವ ಏರ್ಪಾಡನ್ನು ಮಾಡಿಕೊಳ್ಳುವುದು ಉತ್ತಮ. ಕೊನೆಗಾರರು ಕಡಮೆಯಾಗಿರುವ ಊರುಗಳಲ್ಲಿ ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕಾಗುವುದರಿಂದ, ಯಾವ ತೋಟಕ್ಕೆ ಯಾವ ದಿನವೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳದಿದ್ದರೆ ಹೆಚ್ಚು ಕೂಲಿ ಕೊಟ್ಟವನಿಗೆ ಮಾತ್ರ ಕೊನೆಗಾರನು ದೊರೆತು, ಉಳಿದ ತೋಟಗಳು ರೋಗದ ತವರಾಗುತ್ತವೆ. ಬೇಸಗೆಯಲ್ಲಿ ಮರದ ಮೇಲಿನ ಒಣಕೊನೆಗಳನ್ನು ಕೊನೆಗಾರನಿಂದ ಇಳಿಸಿ ಸುಡಬೇಕು. ಮಳೆಗಾಲದಲ್ಲಿ ಉದುರಿದ ಕೊಳೆಗಾಯಿಗಳನ್ನು ಆರಿಸಿ ತೋಟದಿಂದ ಹೊರಕ್ಕೆ ಸಾಗಿಸಿ ನಾಶಮಾಡುವುದನ್ನು ಹೆಂಗಸರೂ ಮಕ್ಕಳೂ ಮಾಡಬಹುದು; ಅದಕ್ಕೆ ಕೊನೆಗಾರನು ಬೇಕಾಗಿಲ್ಲ.

ಇದೇ ಅಡಕೆಯ ತೋಟದೊಡನೆ ಸೇರಿಕೊಂಡು ಮನುಷ್ಯರ ಒಂದು ಜಾಡ್ಯವೂ ಸಂಚರಿಸುವುದನ್ನು ಇಲ್ಲಿ ಹೇಳದಿರಲಾಗದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮಂಗಗಳು ಸತ್ತು ಬೀಳುತ್ತಿದ್ದಾಗಲೇ ಜನರಲ್ಲಿಯೂ ಒಂದು ತೀವ್ರ ಜ್ವರವು ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ವೈರಸ್ಸನ್ನು ಬೇರ್ಪಡಿಸಿ, ಅದು ಕಾಡಿನ ಉಣ್ಣೆಗಳಿಂದ ಬರುವುದೆಂದು ಕಂಡುಹಿಡಿದರು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆಯುವರಾದರೂ ಮಂಗವು ಮನುಷ್ಯನಂತೆಯೇ ಅದಕ್ಕೆ ಬಲಿ. ಪ್ಲೇಗಿನಲ್ಲಿ ಸತ್ತ ಇಲಿಯನ್ನು ಚಿಗಟಗಳು ಬಿಡುವಂತೆ ಸತ್ತ ಮಂಗವನ್ನು ಉಣ್ಣೆಗಳು ಬಿಟ್ಟು ಸುತ್ತಲಿನ ತರಗಿನಲ್ಲಿ ಸೇರಿಕೊಳ್ಳುತ್ತವೆ. ಮಂಗವು ಬಿದ್ದ ಜಾಗವೇ ಅಪಾಯದ ಜಾಗವಾಗುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟುವುದಿಲ್ಲ. ಆದಕಾರಣ ರೋಗಿಯನ್ನು ದೂರಮಾಡುವುದು ಕ್ರೂರವೂ ನಿಷ್ಪ್ರಯೋಜಕವೂ ಆದ ಕೆಲಸ.

ತೋಟಗಳಿಗೆ ತರಗೆಲೆಯನ್ನು ಗುಡಿಸಿ ತರುವ ಕಾಲವೂ, ಮನುಷ್ಯನನ್ನು ಕಚ್ಚುವ ಮರಿ ಉಣ್ಣೆಗಳು ಹೆಚ್ಚುವ ಕಾಲವೂ ಒಂದೇ, ಎಂದರೆ ಮಾಗಿಯಿಂದ ಬೇಸಗೆಯ ಕೊನೆಯವರೆಗೆ. ಬೆಟ್ಟಕ್ಕೆ ಹೋಗುವುದು ಮಾಲೀಕನಲ್ಲ, ಆಳು. ಆದುದರಿಂದ ಆಳುಗಳಿಗೆ ಮೈತುಂಬ ಬಟ್ಟೆಯನ್ನೂ, ಕೈಕಾಲುಗಳಿಗೆ ಹಚ್ಚಿಕೊಳ್ಳತಕ್ಕ ಉಣ್ಣೆನಿವಾರಕ ತೈಲವನ್ನೂ, ಹಿಂದಿರುಗಿದ ಮೇಲೆ ಬಿಸಿನೀರಿನ ಸ್ನಾನವನ್ನೂ ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದುವ ಅನುಕೂಲವನ್ನೂ ಒದಗಿಸುವುದು ಮಾಲೀಕನ ಜವಾಬ್ದಾರಿ. ಮಂಗ ಸತ್ತ ವರ್ತಮಾನ ಬಂದ ಕಾಡಿನ ಭಾಗದಿಂದ ಆ ವರ್ಷ ತರಗನ್ನು ತರಿಸಲೇಬಾರದು. ತೋಟಕ್ಕೆ ಒಂದು ವರ್ಷ ಹೊದಿಕೆ ಕಡಮೆಯಾದರೆ ಗೊಬ್ಬರದಿಂದ ಸರಿಮಾಡಬಹುದು. ಕಾಡಿಗೆ ಮೇಯಲು ಹೋಗುವ ದನಗಳ ಮೇಲೆ ದೊಡ್ಡ ಉಣ್ಣೆಗಳು ಬೆಳೆದು ಸಂತತಿ ಹೆಚ್ಚುವುದರಿಂದ ಅವುಗಳಿಗೂ ಪಶುವೈದ್ಯರು ಹೇಳಿದ ಔಷಧವನ್ನು ಹಚ್ಚಿಸಬೇಕು. ಸತ್ತ ಮಂಗವು ಕಂಡಲ್ಲಿ ಅದನ್ನು ಮುಟ್ಟದೆ, ಎಳೆಯದೆ, ಜಾಗವನ್ನು ಗುರುತಿಟ್ಟುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸತಕ್ಕದ್ದು. ಕಾಡಿಗೆ ಹೋಗಿ ಬಂದ ಆಳಿಗೆ ಇದ್ದಕ್ಕಿದ್ದಂತೆ ಜ್ವರವೂ ತಲೆಶೂಲೆಯೂ ಮೈಕೈ ಕಡಿತವೂ ಬಂದರೆ, ಮನೆಯ ಕಷಾಯದಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಸಾಗಿಸಿ, ಹಿಂದಿನ ಒಂದು ವಾರದಲ್ಲಿ ಅವನು ಯಾವ ಬೆಟ್ಟಕ್ಕೆ ಹೋಗಿದ್ದನೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.